ಮುಚ್ಚಳದ ಕೆಳಗಿನ ಕುಂಕುಮ

ಶುಕ್ರವಾರ ಮಧ್ಯಾಹ್ನ ನೀಲಾಂಬಿಕಾ ವ್ಯಾನ್ ತಂದು ಮಾರೇನಹಳ್ಳಿಯ ನಮ್ಮ ಮನೆ ಮುಂದೆ ನಿಲ್ಲಿಸಿದಳು. ಇಳಿಯಲಿಲ್ಲ, ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದಳು. ಗದಗದ ಕಡೆಯ ಹೆಣ್ಣುಮಗಳು, ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಾಳೆ. ಉಲ್ಲಾಳದ ಲೇಔಟಿನಿಂದ ಏಳು ಮಕ್ಕಳನ್ನು ದಿನಾ ಶಾಲೆಗೆ ಬಿಟ್ಟು ಕರೆತರುವುದೇ ಅವಳ ಜೀವನ.

"ಅಜ್ಜಾರ, ಇದನ್ನ ಓದ್ರಿ" ಎಂದು ಒಂದು ಕಾಗದ ಚಾಚಿದಳು.

"ಮೂರನೇ ಕ್ಲಾಸಿಗೆ ಬಿಟ್ಟೋನ್ಗೆ ಇಂಗ್ಲಿಷ್ ಕಾಗ್ದ ಕೊಡ್ತೀಯಲ್ಲಮ್ಮ. ನೀನೇ ಓದು."

ಓದಿದಳು. ಸ್ಟೀರಿಂಗ್ ಕೆಟ್ಟಿದೆ, ಪೂರಾ ಬದಲಿಸಬೇಕು, ಅಲ್ಲಿಯವರೆಗೆ ಮಕ್ಕಳನ್ನು ಕೂರಿಸುವುದು ಅಪಾಯ. ಕೆಳಗೆ ಸರ್ವಿಸ್ ಸೆಂಟರಿನ ಸೀಲು. ತಿರುವಿನಲ್ಲಿ ವ್ಯಾನ್ ಸದ್ದು ಮಾಡುತ್ತದೆ ಎಂದು ಮಕ್ಕಳು ಮನೆಯಲ್ಲಿ ಹೇಳಿದ್ದವಂತೆ. ತಂದೆತಾಯಂದಿರ ಪರವಾಗಿ ಸಂಘಮಿತ್ರಾ ಎನ್ನುವ ಮೇಡಂ ತಪಾಸಣೆಯ ಕಾಗದ ಕೇಳಿದ್ದರಂತೆ. ಈಗ ಈ ಕಾಗದ ನೋಡಿ, ಸೋಮವಾರದೊಳಗೆ ಸರಿಹೋಗದಿದ್ದರೆ ಬೇರೆ ವ್ಯಾನ್ ನೋಡಿಕೊಳ್ಳುತ್ತೇವೆ ಎಂದಿದ್ದಾರೆ.

"ಸರ್ವಿಸ್‌ನೋರು ಓಡಿಸಿ ನೋಡಿದ್ರಾ?"

"ಎಲ್ಲಿ ಓಡಸ್ತಾರ್ರೀ. ಒಬ್ಬಾಂವ ಹತ್ತಿ ಕೂತು ಒಂದ್ ಸಲ ತಿರುವಿದ, ಇಳದ. ಸ್ಟೀರಿಂಗ್ ಹೋತು ಅಂದ."

ನನಗೆ ಸಿಟ್ಟು ಬರುವುದು ನಿಧಾನ, ಬಂದರೆ ಇಳಿಯುವುದು ಅದಕ್ಕಿಂತ ನಿಧಾನ. ನಲವತ್ತೆರಡು ವರ್ಷ ಮಾಗಡಿ ರಸ್ತೆಯ ಶೆಡ್ಡಿನಲ್ಲಿ ಗಾಡಿಗಳ ಕೆಳಗೆ ಮಲಗಿದವನು ನಾನು. ಮೊದಲು ಕಿವಿ, ಆಮೇಲೆ ಸ್ಪ್ಯಾನರ್ ಎಂದು ನನ್ನ ಉಸ್ತಾದರು ತಲೆಗೆ ಮೊಟಕಿ ಕಲಿಸಿದ್ದರು. ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡದೆ ಒಬ್ಬಳ ಅನ್ನಕ್ಕೆ ಸೀಲು ಒತ್ತುವುದನ್ನು ಅವರು ಕಲಿಸಿರಲಿಲ್ಲ.

ಇಂಜಿನ್ ಆರಿಸಲು ಹೇಳಿದೆ. ಎಡಗಡೆಯ ಗಾಲಿಯ ಹಿಂದೆ ಕೈ ತೂರಿಸಿ ಸ್ಪ್ರಿಂಗಿನ ಹೊರಮೈ ಮೇಲೆ ಅಂಗೈ ಇಟ್ಟೆ.

"ಮೆಲ್ಲಗೆ ತಿರುಗ್ಸಮ್ಮ."

ಸ್ಪ್ರಿಂಗು ಮೊದಲು ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಗೇ ಟಂಯ್ ಎಂದು ಅಂಗೈಯಡಿ ನೆಗೆಯಿತು. ಬಲಗಡೆಯದು ಬೆಣ್ಣೆಯಂತೆ ತಿರುಗಿತು. ಗಾಲಿ ತಿರುಗಿದರೆ ಸ್ಪ್ರಿಂಗೂ ಜೊತೆಗೆ ತಿರುಗಬೇಕು; ಅದಕ್ಕೇ ಅದರ ತಲೆಯ ಮೇಲೆ ಬಳೆಯಂಥ ಒಂದು ಬೇರಿಂಗ್ ಕೂರಿಸಿರುತ್ತಾರೆ. ಅದು ಸಿಕ್ಕಿಕೊಂಡರೆ ಸ್ಪ್ರಿಂಗು ಮುರುಚಿಕೊಂಡು ಕೊನೆಗೆ ಹಾರುತ್ತದೆ. ಸ್ಟೀರಿಂಗಿಗೂ ಇದಕ್ಕೂ ಸಂಬಂಧವಿಲ್ಲ.

"ಈ ಸದ್ದು ಯಾವಾಗಿಂದ?"

"ಆಯುಧಪೂಜಿಯಿಂದ ರೀ. ಅದಕ್ಕೂ ಮದಲ ಹಂಪ್ ಮ್ಯಾಲೆ ದಡ್ ಅಂತಿತ್ತು, ಅದಕ್ಕ ಇದೇ ಸರ್ವಿಸ್ ಸೆಂಟರಿನ್ಯಾಗ ಬಿಟ್ಟಿದ್ದೆ. ಹಬ್ಬದ ಸಂಜಿಕೆ ಕೊಟ್ರು. ಏನೂ ಬಿಚ್ಚಿಲ್ಲ, ಬರೇ ನೋಡೇವಿ ಅಂದ್ರು."

ಬಾನೆಟ್ ಎತ್ತಿದೆ. ಎಡಗಡೆ ಸ್ಪ್ರಿಂಗಿನ ನೆತ್ತಿಯ ಮೇಲಿದ್ದ ಕಪ್ಪು ರಬ್ಬರ್ ಮುಚ್ಚಳ ತೆಗೆದೆ. ಒಳಗಿನ ನಟ್ಟಿನ ಮೇಲೆ ಕುಂಕುಮ, ನಿನ್ನೆ ಇಟ್ಟಷ್ಟು ಕೆಂಪಗೆ. ಬಲಗಡೆಯ ಮುಚ್ಚಳದ ಕೆಳಗೆ ಬರೀ ಧೂಳು.

"ನೀನಿಟ್ಟಿದ್ದಾ?"

"ನಾ ಇಟ್ಟಿದ್ದು ಸ್ಟೀರಿಂಗಿಗೆ, ಗಾಲಿಗೆ. ಇಲ್ಲೊಂದು ಮುಚ್ಚಳ ಐತಿ ಅಂತ ಇವತ್ತ ಗೊತ್ತಾತು."

ಶೆಡ್ಡಿನ ಹಬ್ಬಗಳು ನನಗೆ ನೆನಪಿವೆ. ಅವತ್ತು ಹೇಗಿರುತ್ತದೋ ಹಾಗೇ ಗಾಡಿಗೆ ಪೂಜೆ. ಮುಚ್ಚಿದ್ದರೆ ಮುಚ್ಚಳಕ್ಕೆ ಕುಂಕುಮ, ಬಿಚ್ಚಿದ್ದರೆ ಬಿಚ್ಚಿದ ಜಾಗಕ್ಕೇ.

ಮುಚ್ಚಳ ಮೊದಲಿನಂತೆ ಒತ್ತಿದೆ. "ನಡಿ" ಎಂದೆ.

ಸರ್ವಿಸ್ ಸೆಂಟರಿನಲ್ಲಿ ಸೀಲು ಒತ್ತಿದವನ ಹೆಸರು ಸುಬ್ರಮಣಿ. ಸ್ಪ್ರಿಂಗಿನ ವಿಷಯ ಹೇಳಿದರೂ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

"ತಾತ, ಸಸ್ಪೆನ್ಷನ್ ನಾವು ಮುಟ್ಟೇ ಇಲ್ಲ. ಸಿಸ್ಟಂನಲ್ಲಿ ಎಂಟ್ರಿನೇ ಇಲ್ಲ ನೋಡಿ."

"ಮುಟ್ಟೇ ಇಲ್ಲ?"

"ಇಲ್ಲ. ಅಷ್ಟಕ್ಕೂ ನೀವೇನು ಎಂಜಿನಿಯರಾ?"

"ಅಲ್ಲ ಸಾರ್. ನೀವು ಓದ್ದೋರು. ನಿಮ್ ಕೈಯಾರೆ ಆ ಮುಚ್ಚಳ ಒಂದು ತೆಗೀರಿ."

ಬೇಸರದಿಂದ ಬಂದು ತೆಗೆದ. ನೋಡಿದ. ಅವನ ಕೈ ತಾನಾಗಿಯೇ ಜೇಬಿನ ಬಟ್ಟೆಗೆ ಹೋಯಿತು. ನಾನು ನಟ್ಟಿನ ಮೇಲೆ ಅಂಗೈ ಮುಚ್ಚಿದೆ.

"ದೇವ್ರಿಗೆ ಇಟ್ಟಿದ್ದು ಸಾರ್, ಒರೆಸ್ಬಾರ್ದು. ಮುಚ್ಚಳ ತೆಗೀದೆ ಇಲ್ಲಿಗೆ ಕುಂಕುಮ ಹೇಗೆ ಬಂತು? ಚಾಮುಂಡಿನೇ ಬಂದು ಸ್ಪ್ಯಾನರ್ ಹಿಡಿದ್ಲಾ?"

ಪಕ್ಕದ ಗಾಡಿಯ ಕೆಳಗಿದ್ದ ಮೆಕ್ಯಾನಿಕ್ ತಲೆ ಹೊರಹಾಕಿದ. "ಸಾರ್, ಹಬ್ಬದ ದಿನ ಹನ್ನೆರಡಕ್ಕೆ ಪೂಜೆ, ಬೇಗ ಜೋಡ್ಸು ಅಂತ ನೀವೇ ಅಂದ್ರಲ್ಲ, ಅದೇ ಗಾಡಿ ಇದು."

"ನೀನ್ ಸುಮ್ನಿರಪ್ಪ" ಎಂದ ಸುಬ್ರಮಣಿ, ಮೆಲ್ಲಗೆ.

ಬಿಚ್ಚಿದರು. ಬೇರಿಂಗನ್ನು ತಲೆಕೆಳಗಾಗಿ ಕೂರಿಸಿದ್ದರು, ಅರೆದುಹೋಗಿತ್ತು. ಹೊಸದು ಹಾಕುವವರೆಗೂ ನಾನು ಅಲ್ಲೇ ನಿಂತಿದ್ದೆ. ನೀಲಾಂಬಿಕಾ ಹತ್ತಿ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಳು. ಸದ್ದಿಲ್ಲ.

ಸುಬ್ರಮಣಿ ಹೊಸ ಕಾಗದ ತಂದುಕೊಟ್ಟ. ಓದುತ್ತ ಓದುತ್ತ ಅವಳ ಮುಖ ಬಿಗಿಯಿತು.

"ಸ್ಟೀರಿಂಗ್ ರಿಪೇರಿ ಆಗೇತಿ, ಈಗ ಅಪಾಯ ಇಲ್ಲ ಅಂತ ಬರದೀರಿ."

"ಹೌದು ಮೇಡಂ. ಅಷ್ಟು ಸಾಕಲ್ವಾ?"

"ಸಾಲಂಗಿಲ್ಲ. ಹಂಗಂದ್ರ ಇಷ್ಟ್ ದಿನ ಕೆಟ್ಟ ಸ್ಟೀರಿಂಗಿನ್ಯಾಗ ಮಂದಿ ಮಕ್ಕಳನ್ನ ಒಯ್ದಾಕಿ ನಾನು ಅಂತ ಆತು. ಸ್ಟೀರಿಂಗ್ ಕೆಟ್ಟೇ ಇರಲಿಲ್ಲ, ಬೇರಿಂಗ್ ಉಲ್ಟಾ ಹಾಕಿದಾವ್ರು ನಾವು ಅಂತ ಬರೀರಿ."

"ಹಾಗೆಲ್ಲ ಬರೆದ್ರೆ ನನ್ ಕೆಲಸಕ್ಕೆ ಕುತ್ತು ಬರುತ್ತೆ ಮೇಡಂ."

"ನನ್ ಕೆಲಸಕ್ಕ ಕುತ್ತು ಬರೂವಂಗ ನೀವು ಬರದ್ರಲ್ಲ, ಅವಾಗ ಕೈ ನಡುಗಲಿಲ್ಲೇನು?"

ಆ ಕಾಗದವನ್ನು ನಾಲ್ಕು ಚೂರು ಮಾಡಿ ಅವನ ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ನಾನೂ ಕೂತೆ. ಮುಕ್ಕಾಲು ಗಂಟೆ ಕೂತೇ ಇದ್ದೆವು. ಕೊನೆಗೆ ಬರೆದುಕೊಟ್ಟ, ಸೀಲು ಸಮೇತ. ಅವಳು ಎರಡು ಸಲ ಓದಿ, ಅಲ್ಲೇ ಫೋಟೋ ತೆಗೆದು ಸಂಘಮಿತ್ರಾ ಮೇಡಂಗೆ ಕಳಿಸಿದಳು.

ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ತಿರುವಿನಲ್ಲಿ ವ್ಯಾನ್ ಶಾಲೆಯ ಕಡೆ ಸದ್ದಿಲ್ಲದೆ ತಿರುಗಿತು. ಕಿಟಕಿಯಲ್ಲಿ ಎಣಿಸಿದೆ. ಐದು ಮಕ್ಕಳಿದ್ದವು. ಇನ್ನಿಬ್ಬರ ಮನೆಯವರು ಮೊದಲ ಕಾಗದ ನೋಡಿದ ದಿನವೇ ಬೇರೆ ವ್ಯಾನ್ ಗೊತ್ತುಮಾಡಿಕೊಂಡಿದ್ದರಂತೆ. ಹೊಸ ಕಾಗದದ ಫೋಟೋ ತೆರೆದೂ ನೋಡಲಿಲ್ಲವಂತೆ.