ಅಳಿಸಲೇ?

ಅಜ್ಜಂಪುರದ ದನ ಸಾಕುವವರ ಸಂಘದಲ್ಲಿ ಪ್ರಸನ್ನಕುಮಾರ ಹನ್ನೊಂದು ವರ್ಷ ಊರಿಗೊಬ್ಬಳೇ ಪದ್ಮಾವತಿಯಾಗಿದ್ದ. ಯಾವ ಹೋರಿಗೆ ಯಾವ ಹಸು ತಾಯಿ, ಯಾವ ಕರು ಯಾವ ತಳಿ ಎಂಬುದೆಲ್ಲ ಅವನ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಬಿಳಿ ಇಂಗ್ಲಿಷ್ ಅಕ್ಷರ. ಇವನು ಒಂದು ಸಾಲು ಹೊಡೆದರೆ ಅದು ಒಂದು ಸಾಲು ಉತ್ತರಿಸುತ್ತಿತ್ತು. "ಏನಂತೆ ಸ್ವಾಮಿ?" ಎಂದು ರೈತರು ಮೇಜಿನಾಚೆ ಕೈಕಟ್ಟಿ ನಿಲ್ಲುತ್ತಿದ್ದರು. ಇವನು ಕನ್ನಡಕ ಒರೆಸಿ, ಕೆಮ್ಮಿ, ಆಮೇಲೆ ಬಾಯಿಬಿಡುತ್ತಿದ್ದ. "ರೆಕಾರ್ಡ್ ನಾಟ್ ಫೌಂಡ್" ಎಂಬ ಮೂರು ಪದಕ್ಕೆ ಐದು ನಿಮಿಷದ ಭಾಷ್ಯ. ಕಡೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಆಯಾಸವೆಲ್ಲ ಆ ಐದು ನಿಮಿಷದಲ್ಲಿ ಇಳಿದುಹೋಗುತ್ತಿತ್ತು.

ಆಗ ತರೀಕೆರೆಯ ಅನುಷಾ ಸಹಾಯಕಿಯಾಗಿ ಬಂದಳು. ಮೊದಲ ದಿನವೇ ಇವನು ಪಾಠ ಹೇಳಿದ: "ನೋಡಮ್ಮ, ಇದು ಪ್ರಶ್ನೆ ಕೇಳ್ದಾಗ ಉತ್ತರ ಕೊಡ್ದೆ ಮುಚ್ಬಾರ್ದು. ದನಗಳ ವಂಶಾವಳಿನೇ ಕೆಟ್ಟೋಗ್ತದೆ."

ಅವಳು ತಲೆಯಾಡಿಸಿದಳು. ಮೂರು ತಿಂಗಳು ಊಟದ ಹೊತ್ತಿನಲ್ಲಿ ಏನೋ ಬರೆಯುತ್ತ ಕೂತಳು. ಒಂದು ಸೋಮವಾರ ಒಂದೇ ಒಂದು ಸಾಲು ಹೊಡೆದಳು, ಕಪ್ಪು ಪರದೆ ಕನ್ನಡ ಮಾತಾಡಿತು.

"ಹಸು ಸಿಗಲಿಲ್ಲ. ಕಿವಿಯೋಲೆಯ ಸಂಖ್ಯೆ ಸರಿಯಿದೆಯೇ ನೋಡಿ" ಎಂದು ಮೇಜಿನಾಚೆ ನಿಂತಿದ್ದ ರೈತ ಲಕ್ಕಣ್ಣ ತಾನೇ ಓದಿದ. ಚೀಟಿ ತಿರುಗಿಸಿ ನೋಡಿ, "ಅಯ್ಯೋ, ಆರಲ್ಲ, ಒಂಬತ್ತು ಕಣಮ್ಮ!" ಎಂದು ನಕ್ಕ. ಪ್ರಸನ್ನಕುಮಾರ ಕನ್ನಡಕ ಒರೆಸುವಷ್ಟರಲ್ಲಿ ಹಸು ಸಿಕ್ಕಿಯಾಗಿತ್ತು.

ಅಂದಿನಿಂದ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಮುಚ್ಚುಮರೆಯೇಕೆ, ಅದು ಅಪ್ಪಟ ಹೊಟ್ಟೆಕಿಚ್ಚು. ಹಸು ಈದಾಗಲೆಲ್ಲ ಇವನಿಗೆ ಗಿಣ್ಣು ತರುತ್ತಿದ್ದ ದುರ್ಗಮ್ಮ ಈಗ ಡಬ್ಬಿಯನ್ನು ಅನುಷಾಳ ಮೇಜಿನ ಮೇಲಿಟ್ಟಳು. ಅನುಷಾ ಅರ್ಧ ಇವನಿಗೇ ಕೊಟ್ಟಳು. ಅವನು ಅದನ್ನು ಮುಚ್ಚಿ ಪಕ್ಕಕ್ಕಿಟ್ಟ. ಪರದೆಯನ್ನು ಇಂಗ್ಲಿಷಿಗೆ ತಿರುಗಿಸಿದರೆ ಅವಳು ಮತ್ತೊಂದು ಸಾಲಿನಲ್ಲಿ ಕನ್ನಡಕ್ಕೆ ತರುತ್ತಾಳೆ. ಬೇರನ್ನೇ ಕಿತ್ತರೆ? ಅವಳು ಬರೆದ ಕನ್ನಡವೆಲ್ಲ ಒಂದೇ ಕಡತದಲ್ಲಿತ್ತು, ಇನ್ನೊಂದು ಪ್ರತಿಯಿರಲಿಲ್ಲ.

ಅವಳು ರಜೆ ಹಾಕಿದ ದಿನ ಅವನು ಬೆಳಿಗ್ಗೆಯೇ ಕೂತು, ಆ ಕಡತ ತೆಗೆದುಹಾಕುವ ಸಾಲು ಹೊಡೆದ.

ಪರದೆ ಕೇಳಿತು: "ಅಳಿಸಲೇ?"

ಅವನು ವೈ ಒತ್ತಿದ. ಹನ್ನೊಂದು ವರ್ಷದ ಅಭ್ಯಾಸ, ವೈ ಎಂದರೆ ಯೆಸ್.

"ಹೌದು ಅಥವಾ ಬೇಡ ಎಂದು ಕನ್ನಡದಲ್ಲಿ ಉತ್ತರಿಸಿ. ಅಳಿಸಲೇ?"

ಹೌದು ಎಂಬುದನ್ನು ಕನ್ನಡದಲ್ಲಿ ಒತ್ತುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಕೀಲಿಗಳ ಮೇಲೆ ಬೆರಳು ಅಲೆದಾಡುತ್ತಿದ್ದಾಗ ಹಿಂದಿನಿಂದ ದನಿ ಬಂತು. ದುರ್ಗಮ್ಮ. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು.

"ಅ... ಳಿ... ಸ... ಲೇ. ಅಳಿಸ್ಲಾ ಅಂತೈತಲ್ಲಪ್ಪಾ! ಯಾರ್ನ ಅಳಿಸೋದು?"

"ಅಳ್ಸೋದಲ್ಲ ದುರ್ಗಮ್ಮ, ಒರ್ಸಿಹಾಕೋದು."

"ಯಾರ್ ಬರ್ದಿದ್ದು ಒರ್ಸೋದು?"

ಅವನು ಅನುಷಾಳ ಖಾಲಿ ಕುರ್ಚಿಯತ್ತ ನೋಡಿದ.

"ಆ ಮಗಾ ಬರ್ದಿದ್ದಾ? ಹಂಗಾದ್ರೆ ಅಳಿಸೋದೇ ಆಯ್ತಲ್ಲಪ್ಪಾ. ಬ್ಯಾಡ ಅನ್ನು."

ಬೇಡ ಎನ್ನಲು ಅವನಿಗೂ ಮನಸ್ಸಾಯಿತು. ಆದರೆ ಅದೂ ಬರುತ್ತಿರಲಿಲ್ಲ. ಉತ್ತರ ಕೊಡದೆ ಮುಚ್ಚುವಂತಿಲ್ಲ, ಅವನದೇ ಪಾಠ. ಕೊನೆಗೆ ಫೋನ್ ಎತ್ತಿದ.

"ಅನುಷಾ, ಬೇಡ ಅಂತ ಒತ್ತೋದು ಹೆಂಗಮ್ಮ?"

"ಯಾವ್ದಕ್ಕೆ ಸಾರ್?"

"ನಿನ್ನ ಕನ್ನಡ... ತೆಗೆಯೋಕೆ ಹೋಗಿದ್ದೆ. ನನ್ನತ್ರ ಯಾರೂ ಏನೂ ಕೇಳ್ತಿರ್ಲಿಲ್ಲ ನೋಡು."

ಅವಳು ಕೀಲಿಮಣೆಯನ್ನು ಕನ್ನಡಕ್ಕೆ ಬದಲಾಯಿಸುವುದು ಹೇಳಿಕೊಟ್ಟು, "ಈಗ ವೈ ಒತ್ತಿ ಸಾರ್" ಎಂದಳು.

"ವೈ ಅಂದ್ರೆ ಹೌದು ಅಲ್ವೇನಮ್ಮಾ?"

"ಕನ್ನಡದಲ್ಲಿ ಅಲ್ಲೇ ಬ ಇರೋದು ಸಾರ್. ಒತ್ತಿ, ನಾನಿದೀನಿ."

ಒಂದೊಂದೇ ಕೀಲಿ ಹೇಳಿಸಿಕೊಂಡು ಅವನು ಬೇಡ ಎಂದು ಒತ್ತಿದ. ಪರದೆಯ ಮೇಲೆ ಹೊಸ ಸಾಲು ಮೂಡಿತು. ದುರ್ಗಮ್ಮ ಬಗ್ಗಿ ಕೂಡಿಸಿ ಓದಿದಳು: "ಅಳಿಸ... ಲಿಲ್ಲ."

ಕನ್ನಡಕ ತೆಗೆದು ಒರೆಸುತ್ತಿದ್ದ ಪ್ರಸನ್ನಕುಮಾರನ ಒದ್ದೆ ಕಣ್ಣು ನೋಡಿದಳು.

"ಸುಳ್ ಹೇಳ್ತೈತೆ ಕಣಪ್ಪಾ ಇದು."