ಹೆಸರಿನ ಜಾಗದಲ್ಲಿ ಪಿಟೀಲು

ಲಕ್ಷ್ಮವ್ವನ ಹೆಣಕ್ಕೆ ಸುಂದ್ರವ್ವ ಎರಡನೆಯ ಚರಿಗೆ ನೀರು ಹಾಕುತ್ತಿದ್ದಳು. ಅಷ್ಟರಲ್ಲಿ ಅಡ್ಡ ಹಿಡಿದ ಸೀರೆಯ ಆಚೆಯಿಂದ ಲಕ್ಷ್ಮವ್ವನ ದನಿಯೇ ಕೇಳಿಬಂತು.

"ಕಟ್ಟಿದ ಬುತ್ತೀ ಬಿಚ್ಚಲಿಲ್ಲೋ ನನ್ನ..."

ಆಮೇಲೆ ಉದ್ದಕ್ಕೆ ಎಳೆದ ಪಿಟೀಲು.

ಸೀರೆ ಹಿಡಿದಿದ್ದ ಇಬ್ಬರು ಹೆಂಗಸರೂ ಬೆಚ್ಚಿಬಿದ್ದರು. ಸತ್ತವಳು ಅರಿಷಿಣ ಹಚ್ಚಿಸಿಕೊಂಡು ಕಣ್ಣೆದುರೇ ಮಲಗಿದ್ದಾಳೆ, ಅವಳ ದನಿ ಹೊರಗೆ ಓಣಿಯಲ್ಲಿ ಅಳುತ್ತಿದೆ! ಸುಂದ್ರವ್ವ ಚರಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಯಾವನವ ಭಾಡ್ಯಾ, ಅದನ್ನ ಹಚ್ಚಿದಾಂವ? ಬಂದ್ ಮಾಡ!"

ಹಚ್ಚಿದವನು ಶಶಿಕಾಂತ. ಮುಂಬಯಿ ದಹಿಸರದ ಆ ಚಾಳಿಗೆಲ್ಲ ಕೇಬಲ್ ಕೊಟ್ಟವನು, ಕನ್ನಡ ಸಂಘದ ಕಾರ್ಯದರ್ಶಿ. ಮದುವೆಯಾಗಲಿ ಮಸಣವಾಗಲಿ, ಸ್ಪೀಕರು ಹಚ್ಚದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

"ಸಿಟ್ಟಾಗಬ್ಯಾಡ್ರಿ ಕಾಕು. ಶ್ರದ್ಧಾಂಜಲಿ ಐತಿ ಇದು. ಇಡೀ ಇಂಡಿಯಾ ಕೇಳಿದ ದನಿ. ಆ ಪಿಕ್ಚರ್ದಾಗ ಏನಿತ್ರಿ? ಲಕ್ಷ್ಮವ್ವಾಯಿ ಹಾಡಿದ್ದಕ್ಕ ಓಡಿತು. ಪಿಕ್ಚರಿಗೆ ಮ್ಯೂಜಿಕ್ಕೇ ಜೀವ."

"ಜೀವ ಅಂತ ಜೀವ! ಯಾರ ಜೀವ ಅಂತ ಗೊತ್ತೈತೇನ ನಿನಗ?"

ಲಕ್ಷ್ಮವ್ವನ ಮೊಮ್ಮಗಳು ಮಹಾದೇವಿ ನಡುವೆ ಬಂದಳು. ಇಪ್ಪತ್ತೆರಡರ ಹುಡುಗಿ, ಬೊರಿವಲಿಯ ಮಾಲಿನಲ್ಲಿ ಕೆಲಸ. ಆಯಿ ಆಯಿ ಎಂದು ಅಜ್ಜಿಯನ್ನು ಕರೆದು ಅತ್ತು ಅತ್ತು ಅವಳ ಮೋರೆ ಊದಿಕೊಂಡಿತ್ತು.

"ಸುಂದ್ರಾಯಿ, ರೆಹನೇ ದೋ ನಾ, ಇರಲಿ. ನಾನೇ ಹೇಳಿದೆ ಅವರಿಗೆ. ಸ್ಮಶಾನದ ತನಕ ಇದೇ ಬಜಾನಾ ಹೈ. ಆಯಿದು ಗಾನಾ ಇದೊಂದೇ ಅಲ್ಲಾ?"

ಕಳೆದ ಸೋಮವಾರ ಲಕ್ಷ್ಮವ್ವ ಸುಂದ್ರವ್ವನ ಕೈ ಹಿಡಿದು ಎರಡು ಮಾತು ಪಡೆದಿದ್ದಳು. ಒಂದು, "ನಾ ಸತ್ತ ದಿನ ಆ ಸಿನಿಮಾದ ಹಾಡು ಹಚ್ಚಗೊಡಬ್ಯಾಡ. ನೀನು ನನ್ನ ಹೆಸರು ಹಿಡದು ಅಳು." ಇನ್ನೊಂದು, "ಅದು ಯಾರ ಸಲುವಾಗಿ ಅತ್ತದ್ದು ಅಂತ ಪೋರಿಗೆ ಹೇಳಬ್ಯಾಡ. ಖುಷಿಲೆ ಕೇಳ್ತಾಳ, ಕೇಳಲಿ." ಎರಡನೆಯದನ್ನು ಮುರಿಯದೆ ಮೊದಲನೆಯದನ್ನು ನಡೆಸುವುದು ಹೇಗೆ? ಸತ್ತವಳೇನೋ ಆರಾಮಾಗಿ ಮಲಗಿಬಿಟ್ಟಳು!

"ಬಂದ್ ಮಾಡ ಅಂದೆ," ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಶಶಿಕಾಂತ ದನಿ ಸ್ವಲ್ಪ ಸಣ್ಣದು ಮಾಡಿದ, ಬಂದ್ ಮಾಡಲಿಲ್ಲ.

*

ಇಪ್ಪತ್ತೆರಡು ವರ್ಷದ ಹಿಂದೆ ಸಾಂತಾಕ್ರೂಜದಲ್ಲಿ ಏಳಂತಸ್ತಿನ ಬಿಲ್ಡಿಂಗು ಏಳುತ್ತಿತ್ತು. ಲಕ್ಷ್ಮವ್ವ, ಸುಂದ್ರವ್ವ ಬುಟ್ಟಿ ಹೊರುತ್ತಿದ್ದರು. ಲಕ್ಷ್ಮವ್ವನ ಒಬ್ಬನೇ ಮಗ ಭೀಮರಾಯ ಐದನೆಯ ಅಂತಸ್ತಿನಲ್ಲಿ, ಗೋಡೆಯ ಹೊರಗೆ ಕಟ್ಟಿದ ಬಿದಿರಿನ ಮೇಲೆ ನಿಂತು ಪ್ಲಾಸ್ಟರು ಮಾಡುತ್ತಿದ್ದ. ಕೊಳೆತ ಬಿದಿರು ಬದಲಿಸಿರೆಂದು ಎರಡು ದಿನದಿಂದ ಹೇಳಿದ್ದ. ಮೂರನೆಯ ದಿನ, ಊಟದ ಹೊತ್ತಿಗೆ ಸರಿಯಾಗಿ ಬಿದ್ದ. ಅವನ ಮಗಳು ಮಹಾದೇವಿಗೆ ಆಗ ಆರು ತಿಂಗಳು.

ಭೀಮರಾಯನನ್ನು ಮರಳಿನ ಮೇಲೆ ಮಲಗಿಸಿದ್ದರು. ಅದೇ ಹೊತ್ತಿಗೆ ಪಕ್ಕದ ಬಂಗಲೆಯಿಂದ ಒಬ್ಬ ಸಾಹೇಬ ಬಂದ. ಕೊರಳಲ್ಲಿ ಪೆಟ್ಟಿಗೆ, ಕೈಯಲ್ಲಿ ತುಪ್ಪಳದ ಟೊಪ್ಪಿಗೆ ಹಾಕಿದ ಮೈಕು. ಅಲ್ಲಿ ಶೂಟಿಂಗು ನಡೆದಿತ್ತೆಂದು ಇವರಿಗೇನು ಗೊತ್ತು? ಪೇಪರಿನವನೇ ಇರಬೇಕು ಅಂದುಕೊಂಡಳು ಸುಂದ್ರವ್ವ. ಪೇಪರಿನಲ್ಲಿ ಬಂದರೆ ಕಾಂಟ್ರಾಕ್ಟರನ ಸೊಕ್ಕು ಇಳಿಯುತ್ತದೆ. ಅವಳೇ ಮಂದಿಯನ್ನು ಸರಿಸಿ ಸಾಹೇಬನಿಗೆ ದಾರಿ ಮಾಡಿಕೊಟ್ಟಳು. ಕುಡಿಯಲು ನೀರೂ ಕೊಟ್ಟಳು.

"ಜೋರಾಗಿ ಅಳು ಅಕ್ಕ," ಅಂದಳು ಲಕ್ಷ್ಮವ್ವನ ಕಿವಿಯಲ್ಲಿ. "ಪೇಪರದಾಂವ ಬಂದಾನ. ಹೆಸರು ಹೇಳಿ ಹೇಳಿ ಅಳು. ಹೆಸರು ಬರಬೇಕು."

ಲಕ್ಷ್ಮವ್ವ ಅತ್ತಳು. ಅವರ ಸೀಮೆಯಲ್ಲಿ ಸತ್ತವರನ್ನು ಹೆಸರು ಹಿಡಿದು, ಹಾಡಿಕೊಂಡು ಅಳುತ್ತಾರೆ; ಹೆಸರು ಕರೆಯದೆ ಅತ್ತರೆ ಯಾರಿಗೆ ಅತ್ತದ್ದೆಂದು ಹೋದ ಜೀವಕ್ಕೆ ತಿಳಿಯುವುದಿಲ್ಲ ಎನ್ನುತ್ತಾರೆ. ಕಟ್ಟಿದ ಬುತ್ತಿ ಬಿಚ್ಚಲಿಲ್ಲೋ ನನ್ನ ಭೀಮರಾಯಾ. ಬಿಸಲಾಗ ನಿಂತು ಕರದೇನಿ, ಓ ಅನ್ನವಲ್ಲ್ಯಾಕೋ ನನ್ನ ಭೀಮರಾಯಾ. ಸಾಹೇಬ ಕಣ್ಣು ಮುಚ್ಚಿ ಕೇಳಿಸಿಕೊಂಡ. ಮುಗಿದ ಮೇಲೆ ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಎಂಟು ದಿನ ಸುಂದ್ರವ್ವ ಚಹದಂಗಡಿಯ ಪೇಪರುಗಳನ್ನೆಲ್ಲ ಓದಿಸಿದಳು. ಎಲ್ಲಿಯೂ ಬರಲಿಲ್ಲ.

*

ಹೆಣಕ್ಕೆ ಹೊಸ ಸೀರೆ ಉಡಿಸಿ ಹೊರಗೆ ತಂದು ಚಟ್ಟದ ಮೇಲೆ ಮಲಗಿಸಿದರು. ಚಟ್ಟ ಕಟ್ಟಿದ್ದು ಬಸವಂತಪ್ಪ, ಚಾಳಿನ ಹಿರಿಯ. ಹೆಂಗಸರು ಸುತ್ತ ಕೂತರು, ಆದರೆ ಯಾರೂ ಹಾಡಿ ಅಳಲಿಲ್ಲ. ಸ್ಪೀಕರು ಅಳುತ್ತಿರುವಾಗ ಇವರದೇನು?

"ಸಿನಿಮಾದವರ ಪಗಾರ ತಗೊಂಡು ಅತ್ತಾಕಿ ಬಿಡವ್ವ," ಎಂದಳು ಒಬ್ಬಳು ಮೆಲ್ಲಗೆ. "ನಮ್ಮತ್ತಿ ಸತ್ತಾಗ ಕರದ್ರ ಬಂದು ಸುಮ್ಮ ಕುಂತಳು. ಒಂದು ಸೊಲ್ಲು ಎತ್ತಲಿಲ್ಲ. ಸಿನಿಮಾದಾಕಿ, ಬಡವರ ಮನ್ಯಾಗ ಯಾಕ ಅತ್ತಾಳು?"

ಸುಂದ್ರವ್ವನ ಮೈ ಉರಿದುಹೋಯಿತು. ಇಪ್ಪತ್ತೊಂದು ವರ್ಷದಿಂದ ಈ ಮಾತು ಕೇಳಿ ಕೇಳಿ ನುಂಗಿದವಳು ಚಟ್ಟದ ಮೇಲಿದ್ದಳು.

*

ಭೀಮರಾಯ ಸತ್ತ ಮರುವರ್ಷ ಚಾಳಿನ ಹುಡುಗಿಯರು, "ಒಂದು ಪಿಕ್ಚರ್ ಬಂದೈತಿ, ನಿಮ್ಮ ಕಡಿ ಹಾಡೈತಿ ಅದರಾಗ" ಎಂದಿದ್ದರು. ಇಬ್ಬರೂ ಬೊರಿವಲಿಯ ಥೇಟರಿಗೆ ಹೋದರು. ಅರ್ಧ ಪಿಕ್ಚರಾದ ಮೇಲೆ ಹೀರೋಯಿನ್ ಗೆಳೆಯನೊಂದಿಗೆ ಜಗಳ ಮಾಡಿಕೊಂಡು ಕಾರಿನಲ್ಲಿ ಕೂತಳು. ಅಷ್ಟೆ. ಆಗ ಬಂತು ಲಕ್ಷ್ಮವ್ವನ ದನಿ. ದನಿ ಇಲ್ಲದೆ ನೋಡಿದರೆ ಒಬ್ಬ ಹುಡುಗಿ ಕಾರಿನಲ್ಲಿ ಸುಮ್ಮನೆ ಕೂತಿದ್ದಾಳೆ. ದನಿ ಸೇರಿಸಿದರೆ ಥೇಟರಿಗೆ ಥೇಟರೇ ಮೂಗು ಒರೆಸಿಕೊಳ್ಳುತ್ತಿದೆ. ಹೆಸರು ಬರುವ ಕಡೆಗೆಲ್ಲ ಕತ್ತರಿಸಿ ಪಿಟೀಲು ತುಂಬಿದ್ದರು. ಪರದೆಯ ಮೇಲೆ ಕೊನೆಗೆ ಉದ್ದಕ್ಕೆ ಹೆಸರುಗಳು ಹೋದವು. ಚಹ ಕೊಟ್ಟವನ ಹೆಸರೂ ಇತ್ತಂತೆ. ಇವರಿಬ್ಬರಿಗೂ ಓದು ಬರುತ್ತಿರಲಿಲ್ಲ. ಪಕ್ಕದವನನ್ನು ಕೇಳಿದರೆ ಲಕ್ಷ್ಮವ್ವ ಎಂಬ ಹೆಸರು ಇಲ್ಲ ಎಂದ.

"ಸುಂದ್ರಿ, ಅಲ್ಲೆ ಸತ್ತದ್ದು ಯಾರ?" ಎಂದು ಲಕ್ಷ್ಮವ್ವ ಕೇಳಿದಳು.

"ಯಾರೂ ಸತ್ತಿಲ್ಲಕ್ಕ."

"ಮತ್ತ ನಾ ಯಾಕ ಅಳಾಕತ್ತೀನಿ?"

ಒಮ್ಮೆ ಸ್ಟುಡಿಯೋಕ್ಕೂ ಹೋದರು. ಗೇಟಿನವನು "ಯಾರು ಬೇಕು?" ಎಂದ. ಮೈಕಿನ ಸಾಹೇಬನ ಹೆಸರು ಇವರಿಗೇನು ಗೊತ್ತು? ತಿರುಗಿ ಬಂದರು. ಚಾಳಿನ ಮಂದಿ ದನಿ ಗುರುತಿಸಿ, ದುಡ್ಡಿಗೆ ಹಾಡಿರಬೇಕು ಎಂದುಕೊಂಡರು. ಅಂದಿನಿಂದ ಲಕ್ಷ್ಮವ್ವ ಯಾವ ಸಾವಿನ ಮನೆಯಲ್ಲೂ ದನಿ ತೆಗೆಯಲಿಲ್ಲ.

*

"ಇನ್ನ ಎತ್ರಪಾ, ಹೊತ್ತಾತು," ಎಂದ ಬಸವಂತಪ್ಪ. ಶಶಿಕಾಂತ ಸ್ಪೀಕರಿನ ದನಿ ಜೋರು ಮಾಡಿ ಹೆಗಲಿಗೆ ಹಾಕಿಕೊಂಡ. ಮಹಾದೇವಿಯ ಮೊಬೈಲು ಹೊಡೆದುಕೊಂಡಿತು. ಅಲ್ಲೂ ಅದೇ ಹಾಡು. ವರ್ಷಗಳಿಂದ ಅದೇ ಅವಳ ರಿಂಗ್‌ಟೋನು. ಬುತ್ತೀ ಬಿಚ್ಚಲಿಲ್ಲೋ ಎಂಬಷ್ಟಕ್ಕೇ ಅವಳು ಕಟ್ ಮಾಡಿದಳು, ದಿನವೂ ಮಾಡುವ ಹಾಗೆ.

ಸುಂದ್ರವ್ವನಿಗೆ ತಡೆಯಲಾಗಲಿಲ್ಲ. ಲಕ್ಷ್ಮಕ್ಕ, ನೀ ಬೈದರೂ ಬೈ.

"ಮಾದೇವಿ, ಅದು ಸಿನಿಮಾದ ಹಾಡಲ್ಲವ್ವ. ನಿಮ್ಮಪ್ಪ ಬಿದ್ದು ಸತ್ತಾಗ ನಿಮ್ಮಾಯಿ ಹೆಣದ ಮುಂದ ಕುಂತು ಅತ್ತದ್ದು. ಪಗಾರಿಲ್ಲ, ಏನಿಲ್ಲ. ಕದ್ದೊಯ್ದರು. ಕಳ್ಳಗ ನಾನೇ ದಾರಿ ಬಿಟ್ಟೆ. ಪಿಟೀಲು ಐತೆಲ್ಲ, ಅಲ್ಲೆ ನಿಮ್ಮಪ್ಪನ ಹೆಸರಿತ್ತು."

ಪಗಾರದ ಮಾತಾಡಿದವಳು ಸೆರಗು ಬಾಯಿಗೆ ಇಟ್ಟುಕೊಂಡಳು. ಮಹಾದೇವಿ ಕೈಯಲ್ಲಿದ್ದ ಮೊಬೈಲನ್ನು ಒಮ್ಮೆ ನೋಡಿದಳು. ಆಮೇಲೆ ಶಶಿಕಾಂತನ ಹೆಗಲಿನಿಂದ ಸ್ಪೀಕರು ಕಿತ್ತು ಬಂದ್ ಮಾಡಿದಳು.

ಸುಂದ್ರವ್ವ ಚಟ್ಟದ ತಲೆಯ ಕಡೆ ಕೂತು ದನಿ ತೆಗೆದಳು.

"ತಲಿಮ್ಯಾಲಿನ ಬುಟ್ಟಿ ಇಳಿಸಿದೆಲ್ಲವ್ವಾ ನನ್ನ ಲಕ್ಷ್ಮವ್ವಾ... ಹೇಳದಂಗ ನಡದೆಲ್ಲವ್ವಾ ನನ್ನ ಲಕ್ಷ್ಮವ್ವಾ..."

ಮೂರನೆಯ ಸೊಲ್ಲಿಗೆ ಅವಳು ಚಟ್ಟಕ್ಕೆ ಹಣೆ ಹಚ್ಚಿದಳು. ಆಗ ಮಹಾದೇವಿ ಎತ್ತಿಕೊಂಡಳು. ಅವಳಿಗೆ ಬರುತ್ತಿದ್ದದ್ದು ಆ ಒಂದೇ ಹಾಡು.

"ಕಟ್ಟಿದ ಬುತ್ತೀ ಬಿಚ್ಚಲಿಲ್ಲೋ ನನ್ನ..."

ಪಿಟೀಲಿನ ಜಾಗ ಬಂತು. ಹುಡುಗಿ ನಿಂತಳು. ಎಲ್ಲರೂ ಅವಳ ಬಾಯಿ ನೋಡಿದರು.

"ಭೀಮರಾಯಾ..." ಎಂದಳು. ಆಮೇಲೆ ಅಜ್ಜಿಯ ಗಲ್ಲ ಹಿಡಿದು, "ಓ ಅನ್ನವಲ್ಲ್ಯಾಕೋ ನನ್ನ... ಆಯೀ..."

ಸುಂದ್ರವ್ವ ಕಣ್ಣು ಒರೆಸಿಕೊಂಡು ತಲೆ ಎತ್ತಿದಳು. ಹುಡುಗಿಯ ಮೋರೆಗೆ ಮೊಳದಷ್ಟು ದೂರದಲ್ಲಿ ಶಶಿಕಾಂತನ ಮೊಬೈಲಿತ್ತು. ಗಾಜಿನಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕಿ ಉರಿಯುತ್ತಿತ್ತು.

"ಏನ್ ದನಿ ಕಾಕು! ಥೇಟ್ ಆಯೀದೇ," ಎಂದ ಅವನು ಪಿಸುದನಿಯಲ್ಲಿ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಸುಂದ್ರವ್ವ ಎದ್ದಳು. ಅಂದು ಸಾಹೇಬನಿಗೆ ದಾರಿ ಬಿಟ್ಟ ಕೈಯಿಂದಲೇ ಆ ಮೊಬೈಲನ್ನು ತೆಗೆದುಕೊಂಡು, ಬಾಗಿಲ ಬಳಿಯಿದ್ದ, ಹೆಣ ತೊಳೆದುಳಿದ ಬಕೀಟಿನ ನೀರಿಗೆ ಬಿಟ್ಟಳು.

"ಕಾಕು!"

ಬಸವಂತಪ್ಪ ಚಟ್ಟಕ್ಕೆ ಹೆಗಲು ಕೊಟ್ಟ. ಮಹಾದೇವಿ ಆಯೀ ಆಯೀ ಎಂದು ಕರೆಯುತ್ತ ಹಿಂದೆ ನಡೆದಳು. ಶಶಿಕಾಂತ ಬಕೀಟಿನ ಮೇಲೆ ಬಗ್ಗಿದ. ಹೆಣದ ನೀರಿಗೆ ಕೈ ಹಾಕಲು ಧೈರ್ಯ ಬರಲಿಲ್ಲ. ಅರಿಷಿಣದ ನೀರಿನ ತಳದಲ್ಲಿ ಕೆಂಪು ಚುಕ್ಕಿ ಇನ್ನೂ ಉರಿಯುತ್ತಿತ್ತು. ಅದು ಆರುವವರೆಗೂ ಸುಂದ್ರವ್ವ ಅಲ್ಲೇ ಕಾವಲು ನಿಂತಳು.