ಯಾರೂ ಬರೆಯದ ಪಾಪೆ

ಎರಡು ಕುಂಚ, ಇಟ್ಟಿದ್ದು ಒಂದೇ, ಬಲಗಡೆಯದು ಕೊಂಚ ತೆಳು, ಒಗೆದು ಒಗೆದು ಮಾಸಿದ ಅಂಗಿಯ ಹಾಗೆ, ಅದಕ್ಕೆ ಕೈಹಾಕಿದರೆ ಬೆರಳಿಗೆ ಗಾಳಿ — ಎಡದ್ದೇ ನಿಜ, ನೆನಪಿಟ್ಟುಕೋ — ಗುಡಿಯವರು ಬಾಗಿಲಲ್ಲಿ ನಿಂತಿದ್ದಾರೆ, ಒಬ್ಬೊಬ್ಬರ ಪಕ್ಕದಲ್ಲೂ ಅವರದೇ ಆವಿ, ಯಜಮಾನ ಓಂಗ್ ಕಿಯಾತ್ ಇಬ್ಬರಾದರೂ ಒಬ್ಬನಷ್ಟೇ ಮಾತಾಡುತ್ತಾನೆ, ಅದೊಂದು ಪುಣ್ಯ, ಏನಪ್ಪಾ ಮೆಳ್ಳಗಣ್ಣ, ನಿನ್ನ ಕಣ್ಣು ನೆಟ್ಟಗಾಯ್ತು, ಇನ್ನು ನಮ್ಮ ಕಡಲದೇವಿ ಮಾಜು ತಾಯೀನೂ ದೋಣಿಗಳನ್ನ ನೆಟ್ಟಗೆ ನೋಡ್ತಾಳೆ ಬಿಡು. ನೆಟ್ಟಗೆ. ನನ್ನ ಮಗಳು ಬಿ-ಹುಯಿಯ ಹಟ, ಮದುವೆ ಫೋಟೊದಲ್ಲಾದ್ರೂ ಅಳಿಯನ್ನ ನೋಡಪ್ಪಾ, ನಿನ್ನ ಮೂಗನ್ನ ನೋಡ್ಬೇಡ — ಆಸ್ಪತ್ರೆಯಲ್ಲಿ ಸ್ನಾಯು ಬಿಗಿದರು, ಕಣ್ಣು ನೇರವಾಯಿತು, ಲೋಕ ಎರಡಾಗಿ ಸೀಳಿಹೋಯಿತು, ಡಾಕ್ಟರಮ್ಮ ಹೇಳಿದಳು, ಚಿಕ್ಕಂದಿನಿಂದ ಆ ಕಣ್ಣು ಕಂಡಿದ್ದನ್ನ ನಿಮ್ಮ ಮಿದುಳು ಒಳಗೇ ಬಿಟ್ಕೊಂಡಿಲ್ಲ, ಎರಡೆರಡು ಕಾಣೋದಕ್ಕಿಂತ ಅದೇ ವಾಸಿ ಅಂತ, ಈಗ ಕಣ್ಣಿನ ಜಾಗ ಬದಲಾಯ್ತಲ್ಲ, ಮಿದುಳಿಗೆ ತಡೆಯೋಕಾಗ್ತಿಲ್ಲ. ಹಾಗಾದ್ರೆ ಇಷ್ಟು ವರ್ಷ ಅದು ಕುರುಡಾಗಿತ್ತಾ? ಇಲ್ಲ, ನೋಡ್ತಾನೇ ಇತ್ತು. ನೋಡುತ್ತಲೇ ಇತ್ತು, ನನ್ನ ಮೂಗಿನ ಪಕ್ಕ ಕೂತು, ಅಪ್ಪನ ಹೆಣವನ್ನು, ಹೆಂಡತಿಯ ಹೆಣವನ್ನು, ನನಗೊಂದು ಮಾತೂ ಹೇಳದೆ —

ಒಂದು ಕಣ್ಣು ಮುಚ್ಚಿದರೆ ಆವಿ ಮಾಯ, ಆದರೆ ದೇವಿಗೆ ಪಾಪೆ ಬರೆಯುವವನ ಎರಡೂ ಕಣ್ಣು ತೆರೆದಿರಬೇಕು, ಅಪ್ಪನ ಕಟ್ಟಳೆ, ಊರಿಗೆಲ್ಲ ಗೊತ್ತು, ಒಂದು ಮುಚ್ಚಿದರೆ ಅವಳಿಗೂ ಅರ್ಧ ಕಡಲೇ ಕಾಣುತ್ತದೆ, ಉಳಿದರ್ಧಕ್ಕೆ ಹೋದ ದೋಣಿ ಮರಳುವುದಿಲ್ಲ, ಓಂಗ್‌ನ ಮಕ್ಕಳಿಬ್ಬರೂ ಕಡಲಲ್ಲೇ ಇದ್ದಾರೆ, ಅವನ ದೃಷ್ಟಿ ನನ್ನ ರೆಪ್ಪೆಯ ಮೇಲೆ. ಕರ್ಪೂರಮರದ ವಾಸನೆ, ತಾಯಿಯ ಮುಖ, ಬಲಕ್ಕೆ ಸರಿದ ಅದರ ಆವಿ, ಸಾಲಾಗಿ ಮೂರು ಬಿಳಿಗಣ್ಣು, ತೀರಾ ಎಡದ್ದು ನಿಜ, ಕುಂಚಕ್ಕೆ ಮರ ತಾಕಿತು, ಒಂದು ಬೊಟ್ಟು, ಕಪ್ಪು — ಹಿಂದೆ ಸರಿದು ನೋಡುತ್ತೇನೆ, ಎರಡೂ ಪಾಪೆ ಕೂತಿವೆ, ಚೆಂದದ ಜೋಡಿ, ಬಲತುದಿಯಲ್ಲಿ ಇನ್ನೊಂದು ಬಿಳಿಗಣ್ಣಿದೆ, ಇರಲಿ, ಅದು ಆವಿಯದು, ಕುಂಚ ಕೆಳಗಿಟ್ಟು ಕೈಮುಗಿದೆ. ಪಾಪೆ ಕೂತೊಡನೆ ಹಚ್ಚಬೇಕಾದ ಪಟಾಕಿಯನ್ನು ಯಾರೂ ಹಚ್ಚಲಿಲ್ಲ. ಓಂಗ್ ಮೆಲ್ಲಗೆ, ನಗದೆ, ಇನ್ನೊಂದು ಕಣ್ಣು ಬರೀಲಿಲ್ವಲ್ಲೋ.

ಬರೆದಿಲ್ಲ. ಒಂದೇ ಬೊಟ್ಟು ಇಟ್ಟಿದ್ದು, ಅದರ ಆವಿ ಪಕ್ಕದ ಖಾಲಿ ಕಣ್ಣಿಗೇ ಅಳತೆ ಮಾಡಿದಂತೆ ಹೋಗಿ ಕೂತಿದೆ, ಬರೀ ಮರ, ಗೊತ್ತು, ಆದರೂ ನೋಡುತ್ತಿದೆ, ರೆಪ್ಪೆ ಇಳಿಸಿದರೆ ಅಳಿಸಿಹೋಗುತ್ತದೆ, ಇಳಿಸುವಂತಿಲ್ಲ, ಅದರ ಮೇಲೆಯೇ ಬರೆಯಬೇಕು, ಬರೆಯೋ ಮಾರಾಯ, ಮುಹೂರ್ತ ಹೋಗುತ್ತೆ, ಓಂಗ್‌ನ ದನಿ, ಬರೆಯುತ್ತೇನೆ, ಹುಡುಗರು ಕಡಲಲ್ಲಿದ್ದಾರೆ, ಕುಂಚ ಎತ್ತುತ್ತೇನೆ, ತುದಿ ಹತ್ತಿರವಾಗುತ್ತದೆ, ಅದು ತುದಿಯನ್ನು ನೋಡುವುದಿಲ್ಲ, ನನ್ನನ್ನು, ಮೂಗಿನ ಪಕ್ಕದಿಂದ ಇಷ್ಟು ವರ್ಷ ನೋಡಿದ ಹಾಗೇ, ಏನೂ ಹೇಳದೆ, ತೆಳ್ಳಗೆ, ಯಾರೂ ಬರೆಯದ ಆ ಪಾಪೆ, ಆ ಪಾಪೆ —